ಅನ್ನಭೇದಿಯ ಹಸಿರು, ಮೈಲುತುತ್ತದ ನೀಲಿ

ಘಟಪ್ರಭೆಯ ನೀರಿನಲ್ಲಿ ಕಬ್ಬು, ಅರಿಸಿನ, ಗೋವಿನಜೋಳ, ಸೋಯಾ ಅವರೆಗಳನ್ನು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಗೊಬ್ಬರದಂಗಡಿಗಳಲ್ಲಿ ಯೂರಿಯಾ ಚೀಲಗಳ ಮಗ್ಗುಲಿಗೆ ಮೂರು ಬಗೆಯ ಹರಳುಗಳು ಮಾರಾಟಕ್ಕಿರುತ್ತವೆ: ತಿಳಿಹಸಿರಿನ ಅನ್ನಭೇದಿ, ಕಡುನೀಲಿಯ ಮೈಲುತುತ್ತ, ಯಾವ ಬಣ್ಣವೂ ಇಲ್ಲದೆ ಬೆಳ್ಳಗಿರುವ ಸತುವಿನ ಸಲ್ಫೇಟು. ರಸಾಯನಶಾಸ್ತ್ರದ ಕಣ್ಣಿಗೆ ಇವು ಮೂರೂ ಒಂದೇ ಮನೆತನದವು. ಗಂಧಕಾಮ್ಲದಿಂದ ಬಂದ ಸಲ್ಫೇಟು ಭಾಗ ಮೂರರಲ್ಲಿಯೂ ಒಂದೇ ಆಗಿದ್ದು, ಹರಳಿನೊಳಗೆ ಸೇರಿಕೊಂಡಿರುವ ನೀರಿನ ಅಣುಗಳು ಅನ್ನಭೇದಿಯಲ್ಲಿಯೂ ಸತುವಿನ ಸಲ್ಫೇಟಿನ ಸಾಮಾನ್ಯ ರೂಪದಲ್ಲಿಯೂ ತಲಾ 7, ಮೈಲುತುತ್ತದಲ್ಲಿ 5. ಉಳಿದ ವ್ಯತ್ಯಾಸವೆಲ್ಲ ಲೋಹದ್ದು. ಮೊದಲನೆಯದರಲ್ಲಿ ಕಬ್ಬಿಣ, ಎರಡನೆಯದರಲ್ಲಿ ತಾಮ್ರ, ಮೂರನೆಯದರಲ್ಲಿ ಸತು. ತಾಮ್ರದ ಪರಮಾಣುವಿನಲ್ಲಿ 29 ಎಲೆಕ್ಟ್ರಾನುಗಳು, ಸತುವಿನಲ್ಲಿ 30. ಒಂದೇ ಒಂದು ಎಲೆಕ್ಟ್ರಾನು ಹೆಚ್ಚಾದ ಮಾತ್ರಕ್ಕೆ ಅಷ್ಟು ಗಾಢವಾದ ನೀಲಿ ಇಲ್ಲವಾಗುವುದೇಕೆ ಎಂಬ ಪ್ರಶ್ನೆಗೆ ಎಣಿಕೆಯಲ್ಲಿ ಉತ್ತರ ಸಿಗುವುದಿಲ್ಲ. ಆ ಎಲೆಕ್ಟ್ರಾನುಗಳು ಪರಮಾಣುವಿನೊಳಗೆ ಯಾವ ಯಾವ ನೆಲೆಗಳಲ್ಲಿ ಜೋಡಣೆಗೊಂಡಿವೆ ಎಂಬುದರಲ್ಲಿ ಸಿಗುತ್ತದೆ.

ಈ ಜೋಡಣೆಯನ್ನು ಪದವಿಪೂರ್ವ ತರಗತಿಗಳಲ್ಲಿ ಅಂಕಿ ಅಕ್ಷರಗಳ ಒಂದು ಸಾಲಾಗಿ ಬರೆಯಿಸಿ, ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಒಂದೆರಡು ಅಂಕ ಕೊಟ್ಟು ಮುಗಿಸುವುದು ರೂಢಿ. ಸಾಲು ತಪ್ಪಲ್ಲ. ಆದರೆ ಯಾರೂ ಕಣ್ಣಾರೆ ಕಾಣದ ವಸ್ತುವಿನ ಒಳಗಿನ ನೆಲೆಗಳು ಮನುಷ್ಯನಿಗೆ ಗೊತ್ತಾದದ್ದು ಹೇಗೆ, ಆ ನೆಲೆಗಳಿಂದ ಹೊಲದ ಮಣ್ಣಿಗೂ ಬೆಳೆಯ ಎಲೆಗೂ ಆಗುವುದೇನು ಎಂಬುದನ್ನು ಬಿಟ್ಟು ಕಲಿತ ಸಾಲು ಪರೀಕ್ಷೆಯ ಮರುದಿನಕ್ಕೆ ಉಳಿಯುವಂಥದ್ದಲ್ಲ. ಮೊದಲ ಪ್ರಶ್ನೆಯ ಉತ್ತರದ ಒಂದು ತುಣುಕು ಮೂಡಲಗಿಯಿಂದ ಈಶಾನ್ಯಕ್ಕೆ, ಹೆಚ್ಚು ದೂರವಿಲ್ಲದ ಜಮಖಂಡಿಯಲ್ಲಿಯೇ ಇದೆ.

ಪರಮಾಣುವಿನ ನಡುವೆ ಧನ ವಿದ್ಯುದಂಶದ, ಅತಿ ಸಣ್ಣದಾದ ಮತ್ತು ಅತಿ ಭಾರವಾದ ನ್ಯೂಕ್ಲಿಯಸ್ ಇದೆಯೆಂದು ಅರ್ನೆಸ್ಟ್ ರುದರ್‌ಫರ್ಡ್ ತೋರಿಸಿದ್ದು 1911ರಲ್ಲಿ. ಋಣ ವಿದ್ಯುದಂಶದ ಎಲೆಕ್ಟ್ರಾನುಗಳು ಅದರ ಸುತ್ತ ಇರಬೇಕೆಂಬುದು ಅಲ್ಲಿಂದ ಸ್ಪಷ್ಟವಾಯಿತು, ಆದರೆ ಹೇಗೆ ಇವೆಯೆಂಬುದು ಆಗಲಿಲ್ಲ. ಅದನ್ನು ತಿಳಿಸಬಲ್ಲ ವಾರ್ತೆ ಪರಮಾಣುವಿನಿಂದ ಹೊರಗೆ ಬರುವುದು ಮುಖ್ಯವಾಗಿ ಒಂದೇ ರೂಪದಲ್ಲಿ, ಬೆಳಕಾಗಿ. ಕಾದ ಅನಿಲದ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳೆಲ್ಲ ಬೆರೆತ ಪಟ್ಟಿ ಕಾಣುವುದಿಲ್ಲ. ಕತ್ತಲ ನಡುವೆ ಅಲ್ಲೊಂದು ಇಲ್ಲೊಂದು ಹೊಳೆಯುವ ಗೆರೆಗಳು ಕಾಣುತ್ತವೆ. ಈ ಗೆರೆಗಳ ಸಮೂಹವೇ ಧಾತುವಿನ ರೋಹಿತ. ಪ್ರತಿಯೊಂದು ಧಾತುವಿನ ಗೆರೆಗಳೂ ಅದಕ್ಕೇ ಮೀಸಲಾದ ಜಾಗಗಳಲ್ಲಿ ಬರುತ್ತವೆಯೆಂಬುದನ್ನು ಬುನ್ಸೆನ್ ಮತ್ತು ಕಿರ್ಖಾಫ್ 1860ರ ಸುಮಾರಿಗೆ ಸ್ಥಿರಪಡಿಸಿದರು. ಒಲೆಯ ಉರಿಗೆ ಉಪ್ಪು ಬಿದ್ದಾಗ ಕಾಣುವ ಹಳದಿ ಜ್ವಾಲೆ ಸೋಡಿಯಂ ಧಾತುವಿನ ಗುರುತು. ರೋಹಿತದಲ್ಲಿ ಅದು 589.0 ಮತ್ತು 589.6 ನ್ಯಾನೊಮೀಟರ್ ತರಂಗಾಂತರದ ಎರಡು ಒತ್ತೊತ್ತಾದ ಗೆರೆಗಳಾಗಿ ಬರುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಈ ಸೀಮೆಯ ಮೇಲೆ ಹಾದು ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಸಾಗಿತು. ಆಗ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಳುಹಿಸಿದ್ದ ರೋಹಿತದರ್ಶಕವನ್ನು ಹೂಡಿಕೊಂಡು ಕಾದಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲ್‌ನ ಮೊಮ್ಮಗನೂ ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಅಧಿಕಾರಿಯೂ ಆಗಿದ್ದ ಈತನಿಗೆ, ಮೋಡಗಳ ಎಡೆಯಲ್ಲಿ ಸಿಕ್ಕ ಅವಕಾಶದೊಳಗೆ, ಮುಚ್ಚಿದ ಸೂರ್ಯನ ಅಂಚಿನಿಂದ ಚಾಚಿದ್ದ ಜ್ವಾಲೆಯ ರೋಹಿತದಲ್ಲಿ ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಹೊಳೆವ ಗೆರೆಗಳು ಕಂಡವು. ಆ ಜ್ವಾಲೆಗಳು ಕಾದು ಹೊಳೆಯುವ ಅನಿಲವೆಂಬುದು ಅಲ್ಲಿಗೆ ಖಚಿತವಾಯಿತು. ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಮೊದಲಾದವರೂ ಅಂದು ಇದನ್ನೇ ಕಂಡರು. ಕೆಂಪು ಗೆರೆಯೂ ನೀಲಿ ಗೆರೆಯೂ ಜಲಜನಕದವು. ಕಿತ್ತಳೆ ಗೆರೆಯನ್ನು ಹರ್ಷೆಲ್ ತನ್ನ ಉಪಕರಣ ತೋರಿಸಬಲ್ಲ ಮಟ್ಟಿಗೆ ಸೋಡಿಯಂನದೇ ಎಂದು ಬರೆದನು. ಅದು ಸೋಡಿಯಂನದಾಗಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್, ಗ್ರಹಣವಿಲ್ಲದ ದಿನವೇ ಸೂರ್ಯನ ಅಂಚನ್ನು ನೋಡಿ, ಆ ಗೆರೆ ಸೋಡಿಯಂನ ಜೋಡಿಗೆರೆಗಳಿಂದ ಎಳ್ಳಷ್ಟು ಸರಿದು ನಿಂತಿದೆಯೆಂದು ಕಂಡುಕೊಂಡನು. ಅದರ ಜಾಗ 587.6 ನ್ಯಾನೊಮೀಟರ್, ಅದು ಆವರೆಗೆ ಭೂಮಿಯ ಮೇಲೆ ಯಾರಿಗೂ ಗೊತ್ತಿರದಿದ್ದ ಹೀಲಿಯಂ ಧಾತುವಿನ ಗೆರೆ. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಿಂದ ಅದನ್ನು ಹೊರತೆಗೆದ ಮೇಲೆ ಉಳಿದ ಸಂದೇಹವೂ ತೀರಿತು.

ಜಮಖಂಡಿಯ ಆ ಮೂರು ಗೆರೆಗಳು ಪರಮಾಣುವಿನ ಒಳಗಿನ ಮೂರು ಇಳಿತಗಳು ಎಂಬುದು ತಿಳಿಯಲು ಆ ಗ್ರಹಣದಿಂದ ಮುಂದೆ ಹೆಚ್ಚುಕಡಿಮೆ ಅರ್ಧ ಶತಮಾನ ಬೇಕಾಯಿತು. ಎಲೆಕ್ಟ್ರಾನಿಗೆ ಪರಮಾಣುವಿನಲ್ಲಿ ಕೆಲವೇ ನಿಗದಿತ ಶಕ್ತಿಮಟ್ಟಗಳಿದ್ದು, ಮೇಲಿನ ಮಟ್ಟದಿಂದ ಕೆಳಗಿನದಕ್ಕೆ ಇಳಿಯುವಾಗ ಆ ಎರಡರ ಅಂತರಕ್ಕೆ ಸರಿಯಾದ ತರಂಗಾಂತರದ ಬೆಳಕು ಹೊರಬೀಳುತ್ತದೆಂದು ನೀಲ್ಸ್ ಬೋರ್ 1913ರಲ್ಲಿ ಹೇಳಿದನು. ಹಾಗೆ ನೋಡಿದರೆ ಜಲಜನಕದ ಕೆಂಪು ಗೆರೆ ಮೂರನೆಯ ಮಟ್ಟದಿಂದ ಎರಡನೆಯದಕ್ಕೆ, ನೀಲಿ ಗೆರೆ ನಾಲ್ಕನೆಯದರಿಂದ ಎರಡನೆಯದಕ್ಕೆ ಆಗುವ ಇಳಿತ. ಒಂದೇ ಎಲೆಕ್ಟ್ರಾನಿನ ಜಲಜನಕಕ್ಕೆ ಬೋರ್‌ನ ಲೆಕ್ಕ ಕರಾರುವಾಕ್ಕಾಗಿ ಹೊಂದಿತು. ಎರಡು ಎಲೆಕ್ಟ್ರಾನುಗಳ ಹೀಲಿಯಂಗೇ ಅದು ಹೊಂದಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಮಟ್ಟಗಳು ನಿಗದಿತವಾಗಿಯೇ ಏಕೆ ಇರಬೇಕು ಎಂಬುದಕ್ಕೆ ಬೋರ್‌ನ ಬಳಿ ಕಾರಣವಿರಲಿಲ್ಲ, ಬರಿಯ ಅಪ್ಪಣೆಯಿತ್ತು.

ಕಾರಣ ಒದಗಿದ್ದು ಎಲೆಕ್ಟ್ರಾನನ್ನು ಅಲೆಯೆಂದು ಎಣಿಸಿದಾಗ. ಚಲಿಸುವ ಕಣಕ್ಕೆ ತರಂಗಗುಣವೂ ಇದೆಯೆಂದು ಲೂಯಿ ಡಿ ಬ್ರಾಯ್ 1924ರಲ್ಲಿ ಸೂಚಿಸಿದನು. 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಆ ಅಲೆ ಪಾಲಿಸಬೇಕಾದ ಸಮೀಕರಣವನ್ನು ಬರೆದನು. ಭಜನೆಯವರ ಏಕತಾರಿಯನ್ನು ಇಲ್ಲಿ ನೆನೆಯಬಹುದು. ಎರಡೂ ತುದಿಗಳಲ್ಲಿ ಬಿಗಿದ ತಂತಿಯನ್ನು ಮೀಟಿದಾಗ ಇಡೀ ತಂತಿ ಒಂದು ಉಬ್ಬಾಗಿ ಕಂಪಿಸಬಹುದು, ನಡುವೆ ಒಂದು ನಿಶ್ಚಲ ಬಿಂದುವನ್ನಿಟ್ಟುಕೊಂಡು ಎರಡು ಉಬ್ಬುಗಳಾಗಿ ಕಂಪಿಸಬಹುದು, ಮೂರಾಗಿಯೂ ಕಂಪಿಸಬಹುದು. ಒಂದೂವರೆ ಉಬ್ಬಾಗಿ ಮಾತ್ರ ಕಂಪಿಸಲಾರದು, ಏಕೆಂದರೆ ತುದಿ ಕಟ್ಟಿಹಾಕಲ್ಪಟ್ಟಿದೆ. ಸ್ವರಗಳು ಬಿಡಿಬಿಡಿಯಾಗಿರುವುದು ಕಟ್ಟಿಹಾಕಿದ್ದರ ಫಲ. ನ್ಯೂಕ್ಲಿಯಸ್ಸಿನ ಆಕರ್ಷಣೆಗೆ ಕಟ್ಟುಬಿದ್ದ ಎಲೆಕ್ಟ್ರಾನಿನ ಅಲೆಗೂ ಅದೇ ನಿರ್ಬಂಧ. ವ್ಯತ್ಯಾಸವೆಂದರೆ ತಂತಿಯ ಅಲೆ ಒಂದು ಗೆರೆಯ ಉದ್ದಕ್ಕೆ ಇರುತ್ತದೆ, ಎಲೆಕ್ಟ್ರಾನಿನ ಅಲೆ ನ್ಯೂಕ್ಲಿಯಸ್ಸಿನ ಸುತ್ತಣ ಜಾಗವನ್ನೆಲ್ಲ ಎಲ್ಲ ದಿಕ್ಕುಗಳಿಗೂ ತುಂಬಿಕೊಂಡಿರುತ್ತದೆ. ಹಾಗೆ ನಿಲ್ಲಬಲ್ಲ ಒಂದೊಂದು ಅಲೆಯ ರೂಪವನ್ನೂ ಕಕ್ಷಕ ಎನ್ನುತ್ತಾರೆ. ಅಲೆ ಎಲ್ಲಿ ಬಲವಾಗಿದೆಯೋ ಅಲ್ಲಿ ಎಲೆಕ್ಟ್ರಾನು ಸಿಗುವ ಸಂಭವ ಹೆಚ್ಚು, ಎಲ್ಲಿ ಕ್ಷೀಣವೋ ಅಲ್ಲಿ ಕಡಿಮೆ ಎಂಬ ಅರ್ಥವನ್ನು ಅದೇ 1926ರಲ್ಲಿ ಮ್ಯಾಕ್ಸ್ ಬಾರ್ನ್ ಕೊಟ್ಟನು.

ಕಕ್ಷಕಗಳ ಆಕಾರ ಅವುಗಳಲ್ಲಿರುವ ಶೂನ್ಯತಲಗಳಿಂದ, ಅಂದರೆ ಅಲೆ ಸೊನ್ನೆಯಾಗುವ ಜಾಗಗಳಿಂದ ಗೊತ್ತಾಗುತ್ತದೆ. ನ್ಯೂಕ್ಲಿಯಸ್ಸನ್ನು ಸೀಳಿ ಹೋಗುವ ಶೂನ್ಯತಲವೇ ಇಲ್ಲದ ಕಕ್ಷಕ ಗುಂಡಗಿರುತ್ತದೆ. ಅದಕ್ಕೆ ಎಸ್ ಎಂದು ಹೆಸರು. ಅಂಥ ಒಂದು ತಲವಿದ್ದರೆ ಆಚೆಗೊಂದು ಈಚೆಗೊಂದು ಹಾಲೆಯಾಗಿ ಅಲೆ ಇಬ್ಭಾಗವಾಗುತ್ತದೆ. ಅದು ಪಿ ಕಕ್ಷಕ. ಮೂರು ಆಯಾಮಗಳ ಜಗತ್ತಿನಲ್ಲಿ ಅದು ಮೂರು ದಿಕ್ಕುಗಳಿಗೆ ತಿರುಗಿ ನಿಲ್ಲಬಹುದಾದ್ದರಿಂದ ಪಿ ಕಕ್ಷಕಗಳು ಮೂರು. ಎರಡು ತಲಗಳಿದ್ದರೆ ಡಿ ಕಕ್ಷಕ, ಅವು ಐದು. ಮೂರಿದ್ದರೆ ಎಫ್, ಅವು ಏಳು. ಈ ಅಕ್ಷರಗಳು ಹಳೆಯ ರೋಹಿತಶಾಸ್ತ್ರಜ್ಞರು ಗೆರೆಗಳ ಸಾಲುಗಳಿಗೆ ಇಟ್ಟ ಹೆಸರುಗಳಿಂದ ಉಳಿದುಕೊಂಡವು. 1ಎಸ್, 2ಪಿ ಎಂದು ಬರೆಯುವಾಗ ಅಕ್ಷರಕ್ಕೆ ಮೊದಲು ಬರುವ ಅಂಕಿ ಪ್ರಧಾನ ಕ್ವಾಂಟಂ ಸಂಖ್ಯೆ. ಕಕ್ಷಕದ ಗಾತ್ರವೂ ಬಹುಮಟ್ಟಿಗೆ ಅದರ ಶಕ್ತಿಯೂ ಅದನ್ನು ಅವಲಂಬಿಸಿರುತ್ತವೆ. ಅತ್ಯಂತ ಒಳಗಿನ 1ಎಸ್ ಕಕ್ಷಕದಲ್ಲಿ, ಜಲಜನಕದ ಪರಮಾಣುವಿನಲ್ಲಿ, ಎಲೆಕ್ಟ್ರಾನು ಹೆಚ್ಚು ಸಂಭವನೀಯವಾಗಿ ಸಿಗುವ ದೂರ 0.0529 ನ್ಯಾನೊಮೀಟರ್. ಪಠ್ಯಪುಸ್ತಕಗಳು ಕಕ್ಷಕಗಳನ್ನು ಬಣ್ಣಬಣ್ಣದ ಗಟ್ಟಿ ಆಕೃತಿಗಳಾಗಿ ಅಚ್ಚುಹಾಕುವುದರಿಂದ ಅವು ಗೋಡೆಯಿರುವ ಕೋಣೆಗಳೆಂಬ ಭಾವನೆ ಹುಟ್ಟುತ್ತದೆ. ಆ ಚಿತ್ರದ ಅಂಚು ಎಲೆಕ್ಟ್ರಾನು ಸಿಗುವ ಸಂಭವದ ಬಹುಪಾಲನ್ನು, ಸಾಮಾನ್ಯವಾಗಿ ಶೇಕಡ 90ನ್ನು, ಒಳಗೊಳ್ಳುವಂತೆ ಎಳೆದ ಗೆರೆ ಮಾತ್ರ, ಅದರಾಚೆಗೂ ಅಲೆ ಇದ್ದೇ ಇರುತ್ತದೆ.

ಒಂದು ಕಕ್ಷಕದಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳಿರಲಾರವು. 1925ರಲ್ಲಿ ವುಲ್ಫ್‌ಗಾಂಗ್ ಪೌಲಿ ಮಂಡಿಸಿದ ಈ ಬಹಿಷ್ಕರಣ ತತ್ತ್ವವೇ ಇಡೀ ರಸಾಯನಶಾಸ್ತ್ರದ ಆಧಾರಸ್ತಂಭವೆಂದರೆ ಉತ್ಪ್ರೇಕ್ಷೆಯಲ್ಲ. ಆ ಎರಡೂ ಗಿರಕಿ ಎಂಬ ಒಂದು ಅಂತರ್ಗತ ಗುಣದಲ್ಲಿ ಪರಸ್ಪರ ವಿರುದ್ಧವಾಗಿರಬೇಕು. ಸೋಡಿಯಂನ ಹಳದಿ ಗೆರೆ ಒಂದಾಗಿರದೆ ಜೋಡಿಯಾಗಿರುವುದಕ್ಕೆ ಈ ಗಿರಕಿಯೇ ಕಾರಣ: 3ಪಿ ಕಕ್ಷಕದಲ್ಲಿರುವ ಎಲೆಕ್ಟ್ರಾನಿನ ಶಕ್ತಿ ಅದರ ಗಿರಕಿ ಎತ್ತ ಹೊಂದಿಕೊಂಡಿದೆಯೆಂಬುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆಯಾಗುವುದರಿಂದ, 3ಎಸ್‌ಗೆ ಇಳಿಯುವ ದಾರಿಗಳು ಎರಡಾಗುತ್ತವೆ. ಜಮಖಂಡಿಯಲ್ಲಿ ಕಂಡ ಹೀಲಿಯಂನ ಗೆರೆಯ ಇಳಿತವೇ ಬೇರೆ. ಅಲ್ಲಿ ಒಂದು ಎಲೆಕ್ಟ್ರಾನು 1ಎಸ್‌ನಲ್ಲಿಯೇ ಉಳಿದು ಇನ್ನೊಂದು 3ಡಿಯಿಂದ 2ಪಿಗೆ ಇಳಿಯುತ್ತದೆ. ತೀರ ಭಿನ್ನವಾದ ಎರಡು ಇಳಿತಗಳ ಅಂತರ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟದ್ದು ಕೇವಲ ಆಕಸ್ಮಿಕ; ಹರ್ಷೆಲ್‌ನ ಉಪಕರಣ ಆ ಆಕಸ್ಮಿಕವನ್ನು ಬಿಡಿಸಿ ತೋರಿಸುವಷ್ಟು ಸೂಕ್ಷ್ಮವಾಗಿರಲಿಲ್ಲ.

ಇಷ್ಟಾದ ಮೇಲೆ ಪರಮಾಣುವನ್ನು ಕಟ್ಟುವ ಕ್ರಮ ಸರಳವಾಗಿ ತೋರುತ್ತದೆ. ಒಂದೇ ಪ್ರಧಾನ ಸಂಖ್ಯೆಯ ಕಕ್ಷಕಗಳು ಕೂಡಿ ಒಂದು ಕವಚ. ಮೊದಲ ಕವಚದಲ್ಲಿ ಎಸ್ ಮಾತ್ರ, ಎರಡು ಎಲೆಕ್ಟ್ರಾನುಗಳು. ಎರಡನೆಯದರಲ್ಲಿ ಎಸ್ ಮತ್ತು ಪಿ, ಎಂಟು. ಮೂರನೆಯದರಲ್ಲಿ ಡಿ ಕೂಡಿ ಹದಿನೆಂಟು. ಆದರೆ ಮೂರನೆಯ ಕವಚ ಪೂರ್ತಿ ತುಂಬುವ ಮೊದಲೇ ನಾಲ್ಕನೆಯದರ ಎಸ್ ತುಂಬಿಕೊಳ್ಳುತ್ತದೆ. ಒಳಗಿನ ಎಲೆಕ್ಟ್ರಾನುಗಳು ಹೊರಗಿನವಕ್ಕೆ ನ್ಯೂಕ್ಲಿಯಸ್ಸಿನ ಸೆಳೆತ ಪೂರ್ತಿ ತಟ್ಟದಂತೆ ಮರೆಮಾಡುತ್ತವೆ; ಎಸ್ ಕಕ್ಷಕದ ಅಲೆ ನ್ಯೂಕ್ಲಿಯಸ್ಸಿನವರೆಗೂ ಒಳನುಗ್ಗುವುದರಿಂದ ಆ ಮರೆ ಅದಕ್ಕೆ ಕಡಿಮೆ ತಟ್ಟುತ್ತದೆ, ನಡುವೆ ಶೂನ್ಯವಿರುವ ಡಿ ಕಕ್ಷಕಕ್ಕೆ ಹೆಚ್ಚು ತಟ್ಟುತ್ತದೆ. ಪೊಟ್ಯಾಷಿಯಂ ಮತ್ತು ಕ್ಯಾಲ್ಸಿಯಂಗಳಲ್ಲಿ ಕೊನೆಯ ಎಲೆಕ್ಟ್ರಾನುಗಳು 3ಡಿಯನ್ನು ಖಾಲಿ ಬಿಟ್ಟು 4ಎಸ್‌ನಲ್ಲಿ ನೆಲೆಸುವುದು ಈ ಕಾರಣದಿಂದ. ಅಲ್ಲಿಂದ ಮುಂದೆ ಸ್ಕ್ಯಾಂಡಿಯಂನಿಂದ ಸತುವಿನವರೆಗೆ 3ಡಿಯ ಐದು ಕಕ್ಷಕಗಳು ತುಂಬುತ್ತ ಹೋಗುತ್ತವೆ. ಕಬ್ಬಿಣದಲ್ಲಿ 3ಡಿಯಲ್ಲಿ ಆರು, 4ಎಸ್‌ನಲ್ಲಿ ಎರಡು. ಸತುವಿನಲ್ಲಿ 3ಡಿಯಲ್ಲಿ ಹತ್ತು, 4ಎಸ್‌ನಲ್ಲಿ ಎರಡು. ನಡುವೆ ಕ್ರೋಮಿಯಂ ಮತ್ತು ತಾಮ್ರಗಳು ಮಾತ್ರ ಸಾಲು ತಪ್ಪುತ್ತವೆ. ತಾಮ್ರದಲ್ಲಿ ಒಂಬತ್ತು ಮತ್ತು ಎರಡರ ಬದಲು 3ಡಿಯಲ್ಲಿ ಹತ್ತು, 4ಎಸ್‌ನಲ್ಲಿ ಒಂದು ಇರುತ್ತವೆ.

ತರಗತಿಯಲ್ಲಿ ಇವೆರಡನ್ನು ಅಪವಾದಗಳೆಂದು ಕೆಂಪು ಮಸಿಯಲ್ಲಿ ಗುರುತಿಸಿ ಮುಂದೆ ಹೋಗುತ್ತಾರೆ. ನಿಜಕ್ಕೆ ವಿಷಯ ತಿಳಿಯುವುದು ಅಪವಾದದ ಬಳಿಯೇ. ಕಕ್ಷಕಗಳ ಶಕ್ತಿ ಎಂದೆಂದಿಗೂ ಒಂದೇ ಆಗಿರುವ ಮೆಟ್ಟಿಲಲ್ಲ. ನ್ಯೂಕ್ಲಿಯಸ್ಸಿನ ವಿದ್ಯುದಂಶ ಹೆಚ್ಚಿದಂತೆ, ಎಲೆಕ್ಟ್ರಾನುಗಳು ಒಂದನ್ನೊಂದು ನೂಕಿದಂತೆ, ಅದು ಏರುತ್ತಲೂ ಇಳಿಯುತ್ತಲೂ ಇರುತ್ತದೆ. ಸ್ಕ್ಯಾಂಡಿಯಂನಿಂದಾಚೆಗೆ 3ಡಿ ಕಕ್ಷಕ 4ಎಸ್‌ಗಿಂತ ಕೆಳಗಿಳಿದುಬಿಡುತ್ತದೆ. ಆದರೂ ಇಕ್ಕಟ್ಟಾದ 3ಡಿಯಲ್ಲಿ ಎಲ್ಲವೂ ಕೂಡಿಕೊಂಡರೆ ಪರಸ್ಪರ ವಿಕರ್ಷಣೆ ಹೆಚ್ಚಾಗುವುದರಿಂದ, ಒಂದೆರಡು ಎಲೆಕ್ಟ್ರಾನುಗಳು ವಿಶಾಲವಾದ 4ಎಸ್‌ನಲ್ಲಿ ಇರುವುದೇ ಒಟ್ಟಿನಲ್ಲಿ ಅಗ್ಗವಾಗುತ್ತದೆ. ಪರಮಾಣುವಿನಿಂದ ಎಲೆಕ್ಟ್ರಾನುಗಳನ್ನು ಕೀಳುವಾಗ 4ಎಸ್‌ನವೇ ಮೊದಲು ಹೋಗುವುದರ ಗುಟ್ಟೂ ಇದೇ. ಮೊದಲು ತುಂಬಿದ್ದು ಕೊನೆಗೆ ಬಿಡಬೇಕಲ್ಲವೇ ಎಂದು ತಬ್ಬಿಬ್ಬಾಗುವ ವಿದ್ಯಾರ್ಥಿ ತಪ್ಪು ಪ್ರಶ್ನೆ ಕೇಳಿಲ್ಲ, ಅವನಿಗೆ ಅರ್ಧ ಕಥೆ ಮಾತ್ರ ಹೇಳಲಾಗಿದೆ. ಇನ್ನೂ ಕಟ್ಟುನಿಟ್ಟಾಗಿ ಹೇಳುವುದಾದರೆ, ಹಲವು ಎಲೆಕ್ಟ್ರಾನುಗಳಿರುವ ಪರಮಾಣುವಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕಕ್ಷಕವೆಂಬುದೇ ಒಂದು ಅಂದಾಜು, ಬಹಳ ಒಳ್ಳೆಯ ಅಂದಾಜು.

ಹೊರಗಿನ ಕವಚದ ಒಂದೆರಡು ಎಲೆಕ್ಟ್ರಾನುಗಳು ಒಂದು ಸೀಮೆಯ ಬೇಸಾಯವನ್ನು ಎಷ್ಟು ಆಳಬಲ್ಲವೆಂಬುದಕ್ಕೆ ಘಟಪ್ರಭಾ ಅಚ್ಚುಕಟ್ಟಿನ ಸವಳು-ಜವಳು ಭೂಮಿಯೇ ಸಾಕ್ಷಿ. ಗೋಕಾಕ ಜಲಪಾತ ಧುಮುಕುವುದು ಕಲಾದಗಿ ಶ್ರೇಣಿಯ ಗಟ್ಟಿ ಮರಳುಗಲ್ಲಿನ ಮೇಲಿಂದಾದರೂ, ಅಲ್ಲಿಂದ ಉತ್ತರಕ್ಕೆ ಸರಿದಂತೆ ದಖ್ಖನ್ನಿನ ಬಸಾಲ್ಟ್ ಕರಿಕಲ್ಲು ಸವೆದು ಆದ ಎರೆಭೂಮಿ ಹರಡಿಕೊಂಡಿದೆ. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯದ ಕಾಲುವೆ ನೀರು ಬಂದ ಮೇಲೆ, ಬಸಿಗಾಲುವೆಯಿಲ್ಲದ ತಗ್ಗಿನ ಹೊಲಗಳಲ್ಲಿ ನೆಲದಡಿಯ ನೀರು ಮೇಲೇರಿ, ಬಿಸಿಲಿಗೆ ಆವಿಯಾಗಿ, ಲವಣಗಳನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಆ ಲವಣಗಳಲ್ಲಿ ಸೋಡಿಯಂನ ಪಾಲು ಹೆಚ್ಚಾದಾಗ ಕೇಡು ಇಮ್ಮಡಿಸುತ್ತದೆ. ಸೋಡಿಯಂನ 11 ಎಲೆಕ್ಟ್ರಾನುಗಳಲ್ಲಿ ಹತ್ತು ಒಳಗಿನ ಎರಡು ಕವಚಗಳನ್ನು ಪೂರ್ತಿ ತುಂಬಿ, ಹನ್ನೊಂದನೆಯದು ಒಂಟಿಯಾಗಿ 3ಎಸ್‌ನಲ್ಲಿರುತ್ತದೆ. ಅದನ್ನು ಕೀಳಲು 5.14 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಇನ್ನೊಂದನ್ನು ಕೀಳಲು ಒಂಬತ್ತು ಪಟ್ಟಿಗಿಂತ ಹೆಚ್ಚು, 47.29 ಬೇಕು, ಏಕೆಂದರೆ ಆ ಇನ್ನೊಂದು ಪೂರ್ತಿ ತುಂಬಿದ ಒಳಕವಚಕ್ಕೆ ಸೇರಿದ್ದು. ಕ್ಯಾಲ್ಸಿಯಂನಲ್ಲಿ ಹೊರಗಿನ 4ಎಸ್‌ನ ಜೋಡಿ 6.11 ಮತ್ತು 11.87ಕ್ಕೆ ಬಿಟ್ಟುಕೊಡುತ್ತದೆ, ಮೂರನೆಯದಕ್ಕೆ 50.91 ಬೇಕು. ಆದ್ದರಿಂದ ಮಣ್ಣಿನಲ್ಲಿ ಸೋಡಿಯಂ ಯಾವಾಗಲೂ ಒಂದು ಧನ ವಿದ್ಯುದಂಶದ ಅಯಾನು, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಪರಮಾಣು. ಕ್ಯಾಲ್ಸಿಯಂ ಯಾವಾಗಲೂ ಎರಡರದು.

ಎರೆಮಣ್ಣಿನ ಜೇಡಿಯ ಹಾಳೆಗಳ ಮೇಲೆ ಋಣ ವಿದ್ಯುದಂಶವಿದ್ದು, ಎರಡು ಧನ ವಿದ್ಯುದಂಶದ ಕ್ಯಾಲ್ಸಿಯಂ ಅವುಗಳಿಗೆ ಬಿಗಿಯಾಗಿ ಅಂಟಿಕೊಂಡಾಗ ಜೇಡಿಯ ಕಣಗಳು ಒಂದಕ್ಕೊಂದು ಕೂಡಿ ಹರಳುಹರಳಾಗುತ್ತವೆ, ಮಣ್ಣಿನಲ್ಲಿ ನೀರೂ ಗಾಳಿಯೂ ಆಡುತ್ತವೆ. ಒಂದೇ ವಿದ್ಯುದಂಶದ, ನೀರನ್ನು ಸುತ್ತ ಹೊದ್ದು ಉಬ್ಬಿದ ಸೋಡಿಯಂ ಆ ಜಾಗ ಹಿಡಿದರೆ ಹಿಡಿತ ಸಡಿಲವಾಗಿ, ಕಣಗಳು ಒಂದನ್ನೊಂದು ದೂರ ನೂಕಿ ಚೆದುರುತ್ತವೆ. ರಂಧ್ರಗಳು ಮುಚ್ಚಿಹೋಗಿ ನೀರು ಕೆಳಗಿಳಿಯುವುದಿಲ್ಲ, ಒಣಗಿದ ಮೇಲೆ ನೇಗಿಲು ಇಳಿಯುವುದಿಲ್ಲ. ಜೇಡಿ ಹಿಡಿದಿಟ್ಟ ಅಯಾನುಗಳಲ್ಲಿ ಸೋಡಿಯಂ ಶೇಕಡ 15ನ್ನು ಮೀರಿದ ಭೂಮಿಯನ್ನು ಕ್ಷಾರಭೂಮಿಯೆಂದು ಮಣ್ಣುಶಾಸ್ತ್ರ ಎಣಿಸುತ್ತದೆ. ಅಂಥ ಭೂಮಿಗೆ ಜಿಪ್ಸಂ ಹಾಕಿ, ಬಸಿಗಾಲುವೆ ತೆಗೆದು, ಒಳ್ಳೆಯ ನೀರು ಹಾಯಿಸಿ ತೊಳೆಯಬೇಕೆಂಬ ಶಿಫಾರಸಿನ ಅರ್ಥ, ಜಿಪ್ಸಂನಲ್ಲಿರುವ ಕ್ಯಾಲ್ಸಿಯಂನಿಂದ ಸೋಡಿಯಂ ಅನ್ನು ಅದರ ಜಾಗದಿಂದ ಎಬ್ಬಿಸಿ ಹೊರಹಾಕುವುದು. ಬಸಿಗಾಲುವೆಯಿಲ್ಲದೆ ಜಿಪ್ಸಂ ಮಾತ್ರ ಹಾಕಿದರೆ ಎದ್ದ ಸೋಡಿಯಂ ಅಲ್ಲೇ ಉಳಿಯುತ್ತದೆ, ಖರ್ಚು ಮಾತ್ರ ಆಗುತ್ತದೆ.

ಇನ್ನು ಮೂರು ಹರಳುಗಳ ಬಣ್ಣಕ್ಕೆ ಬರಬಹುದು. ಸಲ್ಫೇಟು ಆಗುವಾಗ ಕಬ್ಬಿಣ, ತಾಮ್ರ, ಸತುಗಳು ತಲಾ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟಿರುತ್ತವೆ. 4ಎಸ್ ಖಾಲಿಯಾಗಿ, ತಾಮ್ರದಲ್ಲಿ 3ಡಿಯಿಂದಲೂ ಒಂದು ಹೋದ ಮೇಲೆ, ಉಳಿಯುವುದು ಕಬ್ಬಿಣದಲ್ಲಿ 3ಡಿಯ ಆರು, ತಾಮ್ರದಲ್ಲಿ ಒಂಬತ್ತು, ಸತುವಿನಲ್ಲಿ ಹತ್ತು. ಒಂಟಿ ಅಯಾನಿನಲ್ಲಿ ಐದು ಡಿ ಕಕ್ಷಕಗಳ ಶಕ್ತಿಯೂ ಒಂದೇ. ಹರಳಿನಲ್ಲಿಯೂ ದ್ರಾವಣದಲ್ಲಿಯೂ ಅಯಾನಿನ ಸುತ್ತ ಮೇಲೆ, ಕೆಳಗೆ, ನಾಲ್ಕು ಬದಿಗೆ ನೀರಿನ ಅಣುಗಳು ಮತ್ತಿತರ ಗುಂಪುಗಳು ಬಂದು ನಿಲ್ಲುತ್ತವೆ, ಹೆಚ್ಚಾಗಿ ಆರು. ಅವುಗಳ ಕಡೆಗೇ ಹಾಲೆ ಚಾಚಿದ ಎರಡು ಡಿ ಕಕ್ಷಕಗಳಲ್ಲಿ ಎಲೆಕ್ಟ್ರಾನು ಇರುವುದು ವಿಕರ್ಷಣೆಯಿಂದಾಗಿ ದುಬಾರಿಯಾಗುತ್ತದೆ. ಅವುಗಳ ನಡುವಣ ಸಂದುಗಳಿಗೆ ಹಾಲೆ ಚಾಚಿದ ಮೂರರಲ್ಲಿ ಅಗ್ಗವಾಗುತ್ತದೆ. ಹೀಗೆ ಒಂದು ಮಟ್ಟ ಎರಡಾಗಿ ಒಡೆಯುತ್ತದೆ. 1929ರಲ್ಲಿ ಹಾನ್ಸ್ ಬೆಥೆ ರೂಪಿಸಿದ ಈ ವಿವರಣೆಗೆ ಸ್ಫಟಿಕ ಕ್ಷೇತ್ರ ಸಿದ್ಧಾಂತವೆಂದು ಹೆಸರು. ಎರಡು ಮಟ್ಟಗಳ ನಡುವಣ ಅಂತರ ಅನೇಕ ವೇಳೆ ಕಣ್ಣಿಗೆ ಕಾಣುವ ಬೆಳಕಿನ ಶಕ್ತಿಗೆ ಸಮೀಪವಾಗಿರುವುದು ಮನುಷ್ಯನ ಕಣ್ಣಿನ ಭಾಗ್ಯ. ತಾಮ್ರದ ಅಯಾನಿನಲ್ಲಿ ಮೇಲಿನ ಮಟ್ಟದಲ್ಲಿ ಒಂದೇ ಒಂದು ಎಡೆ ಖಾಲಿಯಿದ್ದು, ಕೆಳಗಿನ ಎಲೆಕ್ಟ್ರಾನು ಕೆಂಪು ಮತ್ತು ಅದರಾಚೆಯ ಬೆಳಕನ್ನು ಹೀರಿ ಅಲ್ಲಿಗೆ ಏರುತ್ತದೆ; ಕೆಂಪು ಕಳೆದು ಉಳಿದ ಬೆಳಕು ನೀಲಿಯಾಗಿ ಕಾಣುತ್ತದೆ. ಸತುವಿನಲ್ಲಿ ಹತ್ತೂ ಎಡೆಗಳು ತುಂಬಿವೆ, ಏರಲು ಜಾಗವೇ ಇಲ್ಲ. ಬೆಳಕು ಬಂದಂತೆಯೇ ಮರಳುತ್ತದೆ, ಹರಳು ಬೆಳ್ಳಗಿರುತ್ತದೆ. ಅನ್ನಭೇದಿಯ ಕಬ್ಬಿಣ ಮುಖ್ಯವಾಗಿ ಕೆಂಪಿನಾಚೆಯ, ಕಣ್ಣಿಗೆ ಕಾಣದ ಭಾಗವನ್ನು ಹೀರಿಕೊಂಡು ಕೆಂಪಿನ ಅಂಚನ್ನು ಮಾತ್ರ ತುಸು ಸವರುವುದರಿಂದ ಅದರ ಹಸಿರು ಅಷ್ಟು ತಿಳಿ.

ಈ ವಿವರಣೆಯನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮೈಲುತುತ್ತದ ಹರಳನ್ನು ಚೆನ್ನಾಗಿ ಕಾಯಿಸಿದರೆ ನೀರು ಆರಿಹೋಗಿ ಪುಡಿ ಬಿಳುಪಾಗುತ್ತದೆ, ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿಯೇರುತ್ತದೆ. ತಾಮ್ರ ಎರಡು ಸಲವೂ ಅದೇ, ಅದರ ಒಂಬತ್ತು ಎಲೆಕ್ಟ್ರಾನುಗಳೂ ಅವೇ. ಸುತ್ತ ನಿಂತವರು ಬದಲಾದುದರಿಂದ ಮಟ್ಟಗಳ ಅಂತರ ಬದಲಾಯಿತು. ಶಾಲೆಗಳಲ್ಲಿ ಈ ಪ್ರಯೋಗವನ್ನು ಮಾಡಿಸುತ್ತಾರೆ, ಆದರೆ ಸ್ಫಟಿಕ ಜಲದ ಪಾಠಕ್ಕೆ ಸೇರಿಸಿ ಮುಗಿಸಿಬಿಡುತ್ತಾರೆ. ಕಕ್ಷಕಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದ್ವಾರ ಸಿಗುವುದು ಕಷ್ಟ. ಬೆಂಗಳೂರಿನ ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ತಮ್ಮ ಸಂಶೋಧನೆಯ ಬಹುಭಾಗವನ್ನು ಮೀಸಲಿಟ್ಟ ಸಂಕ್ರಮಣ ಲೋಹಗಳ, ಅಂದರೆ ಡಿ ಕಕ್ಷಕಗಳು ತುಂಬುತ್ತ ಹೋಗುವ ಲೋಹಗಳ, ಆಕ್ಸೈಡುಗಳ ವಿಚಿತ್ರ ಗುಣಗಳ ಮೂಲವೂ ಇದೇ ಡಿ ಎಲೆಕ್ಟ್ರಾನುಗಳಲ್ಲಿದೆ. ಹಾಗೆಂದು ಎಲ್ಲ ಬಣ್ಣವನ್ನೂ ಡಿ ಕಕ್ಷಕಗಳ ಲೆಕ್ಕಕ್ಕೆ ಬರೆಯುವಂತಿಲ್ಲ. ಪೊಟ್ಯಾಷಿಯಂ ಪರ್ಮಾಂಗನೇಟಿನ ಮ್ಯಾಂಗನೀಸ್‌ನಲ್ಲಿ ಡಿ ಎಲೆಕ್ಟ್ರಾನು ಒಂದೂ ಉಳಿದಿರುವುದಿಲ್ಲ. ಅದರ ಗಾಢ ನೇರಳೆಗೆ ಕಾರಣ ಆಮ್ಲಜನಕದ ಎಲೆಕ್ಟ್ರಾನು ಮ್ಯಾಂಗನೀಸ್‌ನ ಖಾಲಿ ಕಕ್ಷಕಕ್ಕೆ ಜಿಗಿಯುವುದು. ಈ ಸೀಮೆಯ ಅರಿಸಿನದ ಹಳದಿಯಲ್ಲಿ ಲೋಹದ ಪಾತ್ರವೇ ಇಲ್ಲ, ಅಲ್ಲಿ ಇಂಗಾಲದ ಪರಮಾಣುಗಳ ಪಿ ಕಕ್ಷಕಗಳು ಸಾಲಾಗಿ ಬೆಸೆದುಕೊಂಡು ನೀಲಿ ಬೆಳಕನ್ನು ಹೀರುತ್ತವೆ. ಅರಿಸಿನಕ್ಕೆ ಸುಣ್ಣ ಬೆರೆತಾಗ ಅದು ಕೆಂಪಾಗುವುದು ಕ್ಷಾರದಿಂದಾಗಿ ಆ ಬೆಸುಗೆಯ ಎಲೆಕ್ಟ್ರಾನುಗಳ ಮಟ್ಟಗಳು ಸರಿದದ್ದರಿಂದ.

ಕಬ್ಬಿಣದ ಕಥೆ ಬಣ್ಣಕ್ಕೆ ಮುಗಿಯುವುದಿಲ್ಲ. ಎರೆಭೂಮಿಯಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ, ಬಸಾಲ್ಟಿನಲ್ಲಿ ಅದು ಧಾರಾಳವಾಗಿದೆ. ಆದರೂ ಕೂಳೆ ಕಬ್ಬಿನ ಎಳೆಯ ಎಲೆಗಳು ನರಗಳಲ್ಲಿ ಮಾತ್ರ ಹಸಿರುಳಿದು ನಡುವೆಲ್ಲ ಹಳದಿಯಾಗುವ, ರೋಗ ಬಲಿತರೆ ಬಿಳಿಚಿಕೊಳ್ಳುವ ದೃಶ್ಯ ಸುಣ್ಣದಂಶ ಹೆಚ್ಚಿರುವ ಹೊಲಗಳಲ್ಲಿ ಸಾಮಾನ್ಯ. ಹರಿತ್ತಿನ ಅಣುವಿನಲ್ಲಿ ಕಬ್ಬಿಣವಿಲ್ಲದಿದ್ದರೂ ಅದನ್ನು ತಯಾರಿಸುವ ಕೆಲಸಕ್ಕೆ ಕಬ್ಬಿಣ ಬೇಕೇ ಬೇಕು. ಮಣ್ಣಿನಲ್ಲಿ ಕಬ್ಬಿಣ ಎರಡು ಸ್ಥಿತಿಗಳಲ್ಲಿರುತ್ತದೆ: 3ಡಿಯಲ್ಲಿ ಆರು ಎಲೆಕ್ಟ್ರಾನುಗಳಿರುವ ಫೆರಸ್, ಐದಿರುವ ಫೆರಿಕ್. ಐದು ಕಕ್ಷಕಗಳಲ್ಲಿ ಐದು ಎಲೆಕ್ಟ್ರಾನುಗಳು ಒಂದೊಂದಾಗಿ, ಒಂದೇ ಕಡೆಯ ಗಿರಕಿಯಿಂದ ಕುಳಿತಾಗ ಪರಸ್ಪರ ನೂಕಾಟ ಅತಿ ಕಡಿಮೆ. ಆರನೆಯದು ಈಗಾಗಲೇ ಒಂದಿರುವ ಕಕ್ಷಕವನ್ನೇ ಹೊಕ್ಕು ಜೋಡಿಯಾಗಬೇಕಾಗುವುದರಿಂದ ಅದರ ಹಿಡಿತ ಸಡಿಲ. ಗಾಳಿಯಾಡುವ ಮಣ್ಣಿನಲ್ಲಿ ರಸಸಾರ 8ರ ಆಸುಪಾಸಿಗೆ ಏರಿದರೆ ಆಮ್ಲಜನಕ ಆ ಆರನೆಯದನ್ನು ಬೇಗನೆ ಕಸಿದುಕೊಳ್ಳುತ್ತದೆ. ಉಳಿದ ಫೆರಿಕ್ ಕಬ್ಬಿಣ ತುಕ್ಕಿನ ಬಗೆಯ ಸಂಯುಕ್ತವಾಗಿ ಗಡ್ಡೆಗಟ್ಟಿ ನೀರಿನಲ್ಲಿ ಕರಗದೆ ಕೂರುತ್ತದೆ. ತೆರೆದಿಟ್ಟ ಅನ್ನಭೇದಿಯ ಹರಳಿನ ಮೇಲೆ ಕೆಲವೇ ದಿನಗಳಲ್ಲಿ ಕಂದು ಪುಡಿ ಹತ್ತುವುದೂ ಇದೇ ಕಸಿತದಿಂದ.

ಕರಗದ ಕಬ್ಬಿಣವನ್ನು ಎಳೆದುಕೊಳ್ಳಲು ಬೆಳೆಗಳು ಎರಡು ದಾರಿ ಹಿಡಿದಿವೆ. ಹುಲ್ಲಿನ ಜಾತಿಗೆ ಸೇರಿದ ಕಬ್ಬು, ಗೋವಿನಜೋಳ, ಜೋಳಗಳ ಬೇರು ಮಣ್ಣಿಗೆ ಕೆಲವು ಸಾವಯವ ಅಣುಗಳನ್ನು ಬಿಟ್ಟು, ಅವು ಫೆರಿಕ್ ಕಬ್ಬಿಣವನ್ನು ಇದ್ದ ಸ್ಥಿತಿಯಲ್ಲಿಯೇ ಆರೂ ಕಡೆಯಿಂದ ತಬ್ಬಿ ಹಿಡಿದ ಮೇಲೆ, ಒಟ್ಟಾಗಿ ಒಳಗೆ ಸೆಳೆದುಕೊಳ್ಳುತ್ತದೆ. ಸೋಯಾ ಅವರೆ, ಶೇಂಗಾ ಮೊದಲಾದ ಬೆಳೆಗಳ ಬೇರು ಬೇರೆ ಬಗೆ: ಅದು ಸುತ್ತಣ ಮಣ್ಣನ್ನು ತುಸು ಆಮ್ಲೀಯಗೊಳಿಸಿ, ತನ್ನ ಹೊರಪೊರೆಯಲ್ಲಿರುವ ಒಂದು ಕಿಣ್ವದ ಮೂಲಕ ಫೆರಿಕ್ ಕಬ್ಬಿಣದ 3ಡಿಗೆ ಒಂದು ಎಲೆಕ್ಟ್ರಾನನ್ನು ಕೊಟ್ಟು, ಕಳೆದುಹೋಗಿದ್ದ ಆರನೆಯದನ್ನು ಮರಳಿ ತುಂಬಿ, ಹಾಗೆ ಫೆರಸ್ ಆದುದನ್ನು ಹೀರಿಕೊಳ್ಳುತ್ತದೆ. ಸುಣ್ಣದ ಮಣ್ಣಿನಲ್ಲಿ ಕರಗಿರುವ ಬೈಕಾರ್ಬೊನೇಟು ಬೇರು ಬಿಟ್ಟ ಆಮ್ಲವನ್ನೆಲ್ಲ ಅಲ್ಲಲ್ಲಿಯೇ ನುಂಗಿ ಕಿಣ್ವದ ಕೆಲಸವನ್ನು ನಿಧಾನಗೊಳಿಸುವುದರಿಂದ, ಇಂಥ ಹೊಲಗಳಲ್ಲಿ ಸೋಯಾ ಬೆಳೆಯೂ ಹಳದಿಯಾಗುತ್ತದೆ. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಂಥಲ್ಲಿ ಮಣ್ಣುಶಾಸ್ತ್ರ ಕಲಿಯುವ ವಿದ್ಯಾರ್ಥಿಗೆ ಲಘುಪೋಷಕಾಂಶದ ಕೊರತೆಯೆಂದು ಹೇಳಿಕೊಡುವ ಅಧ್ಯಾಯವೂ, ಅವನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಎಲೆಕ್ಟ್ರಾನು ಜೋಡಣೆಯ ಅಧ್ಯಾಯವೂ ಇಲ್ಲಿ ಒಂದೇ ಆಗುತ್ತವೆ. ಇಂಥ ಎರೆಹೊಲದ ಮಣ್ಣಿಗೆ ಅನ್ನಭೇದಿಯನ್ನು ಹಾಗೆಯೇ ಎರಚಿದರೆ ಬಹುಪಾಲು ದಂಡವಾಗುವುದರಿಂದ, ಅದನ್ನು ಶೇಕಡ 0.5ರ ದ್ರಾವಣ ಮಾಡಿ ಎಲೆಗೇ ಸಿಂಪಡಿಸುವುದು ವಾಡಿಕೆ. ಆ ದ್ರಾವಣಕ್ಕೆ ಒಂದಿಷ್ಟು ಸಿಟ್ರಿಕ್ ಆಮ್ಲವನ್ನು ಬೆರೆಸುವುದು, ಎಲೆ ಹೀರಿಕೊಳ್ಳುವವರೆಗಾದರೂ ಕಬ್ಬಿಣ ತನ್ನ ಆರನೆಯ ಎಲೆಕ್ಟ್ರಾನನ್ನು ಗಾಳಿಗೆ ಕಳೆದುಕೊಳ್ಳದಿರಲೆಂದು.